ಮೋಟಾರ್ ಎತ್ತುವ ಮೊದಲು: ನೋಡಿ ಹೇಳಿದ್ದಕ್ಕೆ 900 ರೂಪಾಯಿ ಏಕೆ?

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟ. ಎರಡೂವರೆ ಎಕರೆಗೆ ಇರುವುದು ಒಂದೇ ಕೊಳವೆಬಾವಿ. ಕೊರೆಸಿದ್ದು 760 ಅಡಿ, ಮೋಟಾರ್ ಇಳಿಬಿಟ್ಟಿರುವುದು 620 ಅಡಿಗೆ. 7.5 ಎಚ್‌ಪಿ, ತ್ರೀ ಫೇಸ್, ಒಂದೂವರೆ ಇಂಚಿನ ಜಿಐ ಪೈಪು. ಫೆಬ್ರವರಿ ಕೊನೆಯ ವಾರ ಮೋಟಾರ್ ಹಾಕಿದ ಮೂರ್ನಾಲ್ಕು ನಿಮಿಷಕ್ಕೆ ಸ್ಟಾರ್ಟರ್ ಟ್ರಿಪ್ ಆಗತೊಡಗಿತು. ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿದರೆ ಓಡುತ್ತದೆ, ಮತ್ತೆ ಬೀಳುತ್ತದೆ. ಬಿಸಿಲು ಏರುತ್ತಿತ್ತು, ಡ್ರಿಪ್ ಲೈನಿನ ಕೊನೆಯ ಸಾಲುಗಳಿಗೆ ನೀರು ತಲುಪುತ್ತಿರಲಿಲ್ಲ.

ಎರಡು ದಿನದಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ಬಂದು ನೋಡಿ ಹೋದರು. ಇಬ್ಬರೂ ನೋಡಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಇಬ್ಬರೂ ಹೇಳಿದ್ದು ಒಂದೇ ಮಾತು: ಕಾಯಿಲ್ (ಮೋಟಾರಿನೊಳಗಿನ ತಾಮ್ರದ ಸುರುಳಿ) ಹೋಗಿದೆ, ಮೋಟಾರ್ ಎತ್ತಬೇಕು. ಎತ್ತಿ ಇಳಿಸಲು 9,000, ತಂತಿಯನ್ನು ಹೊಸದಾಗಿ ಸುತ್ತುವ ರಿವೈಂಡಿಂಗ್‌ಗೆ 8,500, ಬುಷ್, ಕೇಬಲ್ ಜಾಯಿಂಟ್, ಇತರೆ ಸೇರಿ 2,500. ಒಟ್ಟು 20,000. ಮೂರನೆಯವರು ಹದಿನೆಂಟು ಕಿಲೋಮೀಟರ್ ದೂರದ ಪಟ್ಟಣದವರು. ಫೋನಿನಲ್ಲೇ ಹೇಳಿದರು: ಮೀಟರ್ ಇಟ್ಟು ಪೂರ್ತಿ ಚೆಕ್ ಮಾಡಿ ಬರೆದುಕೊಡಲು 900 ರೂಪಾಯಿ, ಕೆಲಸ ಆದರೂ ಅಷ್ಟೇ, ಆಗದಿದ್ದರೂ ಅಷ್ಟೇ.

ಕೊನೆಗೆ ಆ ತೋಟಕ್ಕೆ ತಗುಲಿದ ಖರ್ಚು 2,000 ರೂಪಾಯಿ. ಮೋಟಾರ್ ಎತ್ತಲೇ ಇಲ್ಲ. ಆದರೂ ಆ 2,000ದಲ್ಲಿ 900ರ ಬಗ್ಗೆ ತೋಟದ ಮನೆಯ ಜಗುಲಿಯಲ್ಲಿ ಅರ್ಧ ಗಂಟೆ ವಾಗ್ವಾದ ನಡೆಯಿತು. ಈ ಪ್ರಕರಣದಲ್ಲಿ ನಮಗೆ ಮುಖ್ಯವಾದದ್ದು ಆ ವಾಗ್ವಾದ. ಅದು ಅರ್ಥವಾಗಬೇಕಾದರೆ ಮೊದಲು ಆ ಮೂರನೆಯ ಮೆಕ್ಯಾನಿಕ್ ಎರಡು ಗಂಟೆ ಏನು ಮಾಡಿದರು ಎಂಬುದನ್ನು ನೋಡಬೇಕು.

ಎತ್ತುವುದೆಂದರೆ ಏನು

620 ಅಡಿ ಎಂದರೆ 20 ಅಡಿಯ 31 ಪೈಪು. ಮೀಡಿಯಂ ದರ್ಜೆಯ ಒಂದೂವರೆ ಇಂಚು ಪೈಪು ಒಂದಕ್ಕೆ ಸುಮಾರು 22 ಕಿಲೋ, ಅಲ್ಲಿಗೇ 680 ಕಿಲೋ ಆಯಿತು. ಪಂಪಿನ ಮೇಲಿನ ವಾಲ್ವ್ ಸರಿಯಿದ್ದರೆ ಪೈಪಿನೊಳಗಿನ ನೀರು ಕೆಳಗೆ ಇಳಿಯುವುದಿಲ್ಲ, ಅದು ಇನ್ನೂ 260 ಕಿಲೋ. ಮೋಟಾರು, ಪಂಪು, ಕೇಬಲ್ ಸೇರಿದರೆ ಒಂದು ಟನ್ ದಾಟುತ್ತದೆ. ಕ್ರೇನ್ ಗಾಡಿ, ಮೂರು ಜನ, ಅರ್ಧ ದಿನ ಬೇಕು. ಒಂದೊಂದು ಪೈಪನ್ನೂ ಕ್ಲಾಂಪ್ ಹಾಕಿ ನಿಲ್ಲಿಸಿ, ಪೈಪ್ ರೆಂಚಿನಲ್ಲಿ ತಿರುಗಿಸಿ ಬಿಡಿಸಬೇಕು. ಹಳೆಯ ಪೈಪಿನ ಥ್ರೆಡ್ ತುಕ್ಕು ಹಿಡಿದಿದ್ದರೆ ಬಿಡಿಸುವಾಗಲೇ ಹೋಗುತ್ತದೆ. ಇಳಿಸುವಾಗ ಕೇಬಲ್ ಬೋರಿನ ಗೋಡೆಗೆ ಉಜ್ಜಿದರೆ ಇಲ್ಲದ ತೊಂದರೆ ಹುಟ್ಟಿಕೊಳ್ಳುತ್ತದೆ. ಕ್ಲಾಂಪ್ ಜಾರಿ ಪೈಪಿನ ಸಮೇತ ಮೋಟಾರ್ ಬೋರಿಗೆ ಬಿದ್ದರಂತೂ ಕೊಳವೆಬಾವಿಯೇ ಕೈಬಿಟ್ಟಂತೆ.

ಇಷ್ಟೆಲ್ಲ ಆದ ಮೇಲೆ ಮೇಲೆ ಬಂದ ಮೋಟಾರ್ ಚೆನ್ನಾಗಿಯೇ ಇದ್ದರೆ? ಕೆಲವರು ಅದನ್ನು ಹೇಳಿಬಿಡುತ್ತಾರೆ. ಆದರೆ 20,000ಕ್ಕೆ ಒಪ್ಪಿಸಿ, ಕ್ರೇನಿಗೆ ಹಣ ಕೊಟ್ಟು ಎತ್ತಿಸಿದ ಮೇಲೆ ‘ಏನೂ ಆಗಿಲ್ಲ’ ಎನ್ನುವುದು ಯಾವ ಮೆಕ್ಯಾನಿಕ್‌ಗೂ ಸುಲಭದ ಮಾತಲ್ಲ.

ಆ ಎರಡು ಗಂಟೆ

ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ದಿನಕ್ಕೆ 7 ಗಂಟೆ, ಅದೂ ಪಾಳಿಯಲ್ಲಿ. ಮೋಟಾರ್ ಓಡಿಸಿ ನೋಡಬೇಕಾದ ಪರೀಕ್ಷೆಗಳನ್ನು ಆ ಹೊತ್ತಿನಲ್ಲೇ ಮುಗಿಸಬೇಕು. ಬೆಳಗಿನ ಪಾಳಿಯ ಊರಿಗೆ ಸಂಜೆ ಹೋಗಿ ಪ್ರಯೋಜನವಿಲ್ಲ. ಹೀಗಾಗಿ ಸರಿಯಾಗಿ ಪರೀಕ್ಷೆ ಮಾಡುವವರು ದಿನಕ್ಕೆ ಎರಡು, ಬಹಳವೆಂದರೆ ಮೂರು ತೋಟ ನೋಡಬಹುದು.

ಮೊದಲ ಕೆಲಸ ಕೇಳುವುದು. ಟ್ರಿಪ್ ಆಗುತ್ತಿರುವುದು ಓವರ್‌ಲೋಡ್ ರಿಲೇಯೋ (ಆಂಪ್ಸ್ ಮಿತಿ ದಾಟಿದರೆ ಮೋಟಾರ್ ನಿಲ್ಲಿಸುವುದು), ಸಿಂಗಲ್ ಫೇಸ್ ಪ್ರಿವೆಂಟರೋ (ಒಂದು ಫೇಸ್ ಹೋದರೆ ನಿಲ್ಲಿಸುವುದು)? ಕರೆಂಟ್ ಬಂದೊಡನೆ ಮೋಟಾರನ್ನು ತಾನೇ ಹಾಕುವ ಆಟೋ ಸ್ವಿಚ್ ಇದೆಯೇ? ಈಚೆಗೆ ಯಾರಾದರೂ ರಿಲೇ ತಿರುಗಿಸಿದ್ದಾರೆಯೇ? ಎರಡು ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ಓಡಿಸುವ ಅಭ್ಯಾಸ ಇದೆಯೇ? ಕೊನೆಯದು ಬಹಳ ಮುಖ್ಯ, ಏಕೆಂದರೆ ಹಾಗೆ ಓಡಿಸಿದ ಮೋಟಾರಿನ ಕಾಯಿಲ್ ಬೇಗ ಸುಡುತ್ತದೆ. ಇಲ್ಲಿ ರಿಲೇ 16 ಆಂಪ್ಸ್‌ನಲ್ಲಿತ್ತು, ಮೋಟಾರಿನ ಫಲಕದ ಪ್ರಕಾರ ಅದು ಸರಿ. ಪಕ್ಕದ ತೋಟದವರು ‘20ಕ್ಕೆ ತಿರುಗಿಸಿ, ಟ್ರಿಪ್ ಆಗಲ್ಲ’ ಎಂದು ಸಲಹೆ ಕೊಟ್ಟಿದ್ದರಂತೆ. ಪುಣ್ಯಕ್ಕೆ ಮನೆಯವರು ತಿರುಗಿಸಿರಲಿಲ್ಲ. ಕಾಯಿಲ್ ಉಳಿಸಿದ್ದು ಆ ರಿಲೇಯೇ.

ಆಮೇಲೆ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು, ಮೋಟಾರಿನ ಮೂರೂ ವೈರುಗಳನ್ನು ಸ್ಟಾರ್ಟರಿನಿಂದ ಬಿಡಿಸಿದರು. ಬಿಡಿಸದೆ ಮೆಗ್ಗರ್ (ವೈರಿನ, ಕಾಯಿಲಿನ ಹೊದಿಕೆಯಿಂದ ಕರೆಂಟ್ ಸೋರುತ್ತಿದೆಯೇ ಎಂದು ಅಳೆಯುವ ಮೀಟರ್) ಇಟ್ಟರೆ ಅದರ 500 ವೋಲ್ಟ್ ಪ್ಯಾನೆಲ್‌ನ ಎಲೆಕ್ಟ್ರಾನಿಕ್ ಕಾರ್ಡನ್ನು ಸುಟ್ಟುಬಿಡಬಹುದು. ಮೆಗ್ಗರಿನ ಒಂದು ತುದಿ ವೈರಿಗೆ, ಇನ್ನೊಂದು ಕೇಸಿಂಗ್ ಪೈಪಿಗೆ. ಬೋರಿನೊಳಗೇ ಇರುವ ಮೋಟಾರಿಗೆ, ಕೇಬಲ್ ಸೇರಿಸಿ, 2 ಮೆಗಾಓಮ್ ಮೇಲಿದ್ದರೆ ಚೆನ್ನಾಗಿದೆ ಎಂದರ್ಥ. ಅರ್ಧ ಮೆಗಾಓಮ್‌ಗಿಂತ ಕೆಳಗೆ ಬಂದರೆ ಕೇಬಲ್ ಜಾಯಿಂಟಿಗೋ ಕಾಯಿಲಿಗೋ ಏಟು ಬಿದ್ದಿದೆ, ಎತ್ತದೆ ವಿಧಿಯಿಲ್ಲ. ಇಲ್ಲಿ ಬಂದದ್ದು 4.

ನಂತರ ವೈರ್ ವೈರ್ ನಡುವಿನ ಓಮ್, ಅಂದರೆ ಕರೆಂಟಿಗೆ ಇರುವ ತಡೆ. 3.6, 3.6, 3.7. ಇದರಲ್ಲಿ ಸುಮಾರು 1.2 ಓಮ್ ಕೇಬಲ್ಲಿನದೇ (6 ಸ್ಕ್ವೇರ್ ಎಂಎಂ ತಾಮ್ರ, ಹೋಗಿ ಬರುವ 400 ಮೀಟರ್). ಉಳಿದದ್ದು ಕಾಯಿಲ್. ಅಂಕಿ ಎಷ್ಟು ಎಂಬುದಕ್ಕಿಂತ ಮೂರೂ ಒಂದೇ ಆಗಿರುವುದು ಮುಖ್ಯ. ಒಂದು ಜೋಡಿ ಕಡಿಮೆ ಬಂದಿದ್ದರೆ ಕಾಯಿಲ್ ಒಳಗೇ ಶಾರ್ಟ್ ಆಗಿದೆ ಎಂದು, ಏನೂ ತೋರದಿದ್ದರೆ ವೈರ್ ತುಂಡಾಗಿದೆ ಎಂದು ಲೆಕ್ಕ. ಇಲ್ಲಿಗೆ ನಲವತ್ತು ನಿಮಿಷ. ‘ಕಾಯಿಲ್ ಹೋಗಿದೆ’ ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು.

ವೈರ್ ಮತ್ತೆ ಜೋಡಿಸಿ, ಮೋಟಾರ್ ಹಾಕಿ ಆಂಪ್ಸ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದರೆ, ಮೂರು ಫೇಸ್‌ಗಳಲ್ಲಿ ಆರ್ 17.8, ವೈ 18.4, ಬಿ 11.2 ಆಂಪ್ಸ್. ಸರಾಸರಿ 15.8. ಅದರಿಂದ ಅತಿ ದೂರ ಇರುವ ಫೇಸ್ 4.6 ಆಂಪ್ಸ್ ದೂರ, ಅಂದರೆ ಶೇ 29ರ ಏರುಪೇರು. ಶೇ 5ರೊಳಗೆ ಇರಬೇಕಾದದ್ದು ಇದು, ಹತ್ತು ದಾಟಿದರೆ ಮೋಟಾರ್ ನಿಲ್ಲಿಸುವುದೇ ಕ್ಷೇಮ. 16ಕ್ಕೆ ಇಟ್ಟ ರಿಲೇ 18.4 ಕಂಡ ಮೇಲೆ ಬೀಳದೆ ಇನ್ನೇನು ಮಾಡೀತು?

ಏರುಪೇರು ಮೋಟಾರಿನದೋ, ಮೇಲಿನಿಂದ ಬರುವ ಕರೆಂಟಿನದೋ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ದುಡ್ಡು ಬೇಡ, ತಾಳ್ಮೆ ಬೇಕು. ಮೋಟಾರಿನ ಮೂರೂ ವೈರುಗಳನ್ನು ಒಂದೊಂದು ಮನೆ ಮುಂದಕ್ಕೆ ಸರಿಸುವುದು: ಆರ್‌ನಲ್ಲಿದ್ದದ್ದು ವೈಗೆ, ವೈನದು ಬಿಗೆ, ಬಿನದು ಆರ್‌ಗೆ. ಎರಡನ್ನು ಮಾತ್ರ ಅದಲುಬದಲು ಮಾಡಿದರೆ ಮೋಟಾರ್ ಉಲ್ಟಾ ತಿರುಗುತ್ತದೆ, ಮೂರನ್ನೂ ಸರಿಸಿದರೆ ದಿಕ್ಕು ಬದಲಾಗುವುದಿಲ್ಲ. ಈಗ ಮತ್ತೆ ಆಂಪ್ಸ್ ನೋಡಬೇಕು. ಕಡಿಮೆ ಅಂಕಿ ವೈರಿನ ಜೊತೆ ಸರಿದು ಹೋದರೆ ತಪ್ಪು ಕೆಳಗೆ, ಬೋರಿನಲ್ಲಿದೆ. ಅದೇ ಟರ್ಮಿನಲ್‌ನಲ್ಲಿ ಉಳಿದರೆ ತಪ್ಪು ಮೇಲೆ, ಪ್ಯಾನೆಲ್‌ನಲ್ಲಿ ಅಥವಾ ಲೈನಿನಲ್ಲಿ ಇದೆ. ಇಲ್ಲಿ ವೈರ್ ಬದಲಾದರೂ ಬಿ ಟರ್ಮಿನಲ್‌ನಲ್ಲಿ 11.5 ಆಂಪ್ಸೇ ಬಂತು.

ಸ್ಟಾರ್ಟರಿಗೆ ಬರುವ ವೋಲ್ಟೇಜ್, ಮೋಟಾರ್ ಓಡುತ್ತಿರುವಾಗ: 393, 391, 394. ಲೈನ್ ಸರಿಯಿದೆ. ಸ್ಟಾರ್ಟರಿನಿಂದ ಹೊರಗೆ ಹೋಗುವುದು: 392, 369, 370. ಕಂಟ್ಯಾಕ್ಟರಿನ (ಸ್ಟಾರ್ಟರಿನೊಳಗೆ ಕರೆಂಟ್ ಜೋಡಿಸಿ ಬಿಡಿಸುವ ಸ್ವಿಚ್) ಒಂದೊಂದು ಕಂಬದ ಮೇಲೆ ಕೆಳಗೆ ಮೀಟರಿನ ಮೊನೆ ಇಟ್ಟಾಗ ಆರ್ ಮತ್ತು ವೈನಲ್ಲಿ ಹೆಚ್ಚುಕಡಿಮೆ ಸೊನ್ನೆ, ಬಿನಲ್ಲಿ 26 ವೋಲ್ಟ್. ಬೆರಳ ತುದಿಯಷ್ಟು ಜಾಗದಲ್ಲಿ 280 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತಿತ್ತು. ಮುಚ್ಚಳ ಬಿಚ್ಚಿದಾಗ ಬಿಯ ಬೆಳ್ಳಿ ಬಿಲ್ಲೆಗಳಲ್ಲಿ ಒಂದು ಹುಳುಕು ಹಲ್ಲಿನಂತೆ ಕಪ್ಪಾಗಿ ಗುಳಿ ಬಿದ್ದಿತ್ತು, ಅದನ್ನು ಹಿಡಿದ ಪ್ಲಾಸ್ಟಿಕ್ ಕಂದು ತಿರುಗಿತ್ತು, ಆ ಕಂಬದ ಲಗ್ (ವೈರಿನ ತುದಿಯ ಲೋಹದ ಹಿಡಿಕೆ) ಸಡಿಲವಾಗಿ ಅದರ ವೈರಿನ ಹೊದಿಕೆ ಒಂದಂಗುಲ ಸುಟ್ಟು ಗಟ್ಟಿಯಾಗಿತ್ತು.

ವೋಲ್ಟೇಜ್ ಶೇ 4ರಷ್ಟು ಏರುಪೇರಾದರೆ ಆಂಪ್ಸ್ ಅದರ ಆರೇಳು ಪಟ್ಟು ಏರುಪೇರಾಗುತ್ತದೆ. ಇದೊಂದು ಗೊತ್ತಿಲ್ಲದಿದ್ದರೆ 370 ವೋಲ್ಟನ್ನು ‘ಹಳ್ಳಿಯಲ್ಲಿ ಇದೆಲ್ಲ ಮಾಮೂಲು’ ಎಂದು ಬಿಟ್ಟುಬಿಡುತ್ತಾರೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತವಾದ್ದರಿಂದ ರೈತರಿಗೆ ಬಿಲ್ಲಿನಲ್ಲೂ ಇದರ ಸುಳಿವು ಸಿಗುವುದಿಲ್ಲ.

ಕಂಟ್ಯಾಕ್ಟ್ ಕಿಟ್ 650, ಲಗ್ ಮತ್ತು ವೈರ್ ತುಂಡು 50, ಹಾಕಿದ ಕೂಲಿ 400. ಮತ್ತೆ ಓಡಿಸಿದಾಗ 14.6, 14.9, 14.4. ಏರುಪೇರು ಶೇ 2ಕ್ಕಿಂತ ಕಡಿಮೆ.

ಅಲ್ಲಿಗೇ ಗಾಡಿ ಹತ್ತಬಹುದಿತ್ತು. ಹತ್ತಲಿಲ್ಲ. ಮೋಟಾರನ್ನು ಹಾಗೇ ಓಡಲು ಬಿಟ್ಟರು. ಇಪ್ಪತ್ತು ಲೀಟರ್ ಬಕೆಟ್ ತುಂಬಲು 12 ಸೆಕೆಂಡ್, ಅಂದರೆ ನಿಮಿಷಕ್ಕೆ 100 ಲೀಟರ್. 35 ನಿಮಿಷ ಆದ ಮೇಲೆ ನೀರು ಕೆಮ್ಮತೊಡಗಿತು, ಆಂಪ್ಸ್ 10ಕ್ಕೆ ಇಳಿಯಿತು. ಬೋರಿನ ನೀರು ಪಂಪಿನ ಮಟ್ಟಕ್ಕೆ ಬಂದುಬಿಟ್ಟಿತ್ತು. ಆಟೋ ಸ್ವಿಚ್ಚಿನಲ್ಲಿ ಏಳು ಗಂಟೆ ಓಡುವ ಮೋಟಾರಿಗೆ ಇದು ಕಂಟ್ಯಾಕ್ಟಿಗಿಂತ ದೊಡ್ಡ ಅಪಾಯ: ನೀರಿಲ್ಲದೆ ತಿರುಗಿದರೆ ತಂಪಾಗಲು ದಾರಿಯಿಲ್ಲ, ಮೊದಲು ಬುಷ್ ಹೋಗುತ್ತದೆ, ಆಮೇಲೆ ಕಾಯಿಲ್. ನೀರು ಮುಗಿದರೆ ಮೋಟಾರ್ ನಿಲ್ಲಿಸಲು ಪ್ಯಾನೆಲ್‌ನಲ್ಲಿದ್ದ ಡ್ರೈ ರನ್ ಸೆಟ್ಟಿಂಗ್ ಯಾರೋ ಆಫ್ ಮಾಡಿದ್ದರು. ಅದನ್ನು 11.5 ಆಂಪ್ಸಿಗೆ ಆನ್ ಮಾಡಿ, ಅರ್ಧ ಗಂಟೆ ಓಟ, ಮುಕ್ಕಾಲು ಗಂಟೆ ಬಿಡುವು ಎಂದು ಟೈಮರ್ ಇಟ್ಟರು. ಆ ಮನೆಗೆ 900 ರೂಪಾಯಿಯಲ್ಲಿ ಸಿಕ್ಕ ಅತಿ ಬೆಲೆಬಾಳುವ ಮಾಹಿತಿ ಇದು ಎಂಬುದು ನಮ್ಮ ಎಣಿಕೆ. ಆದರೆ ಜಗುಲಿಯ ಮೇಲಿನ ಮಾತಿನಲ್ಲಿ ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಜಗುಲಿಯ ಮಾತು

‘ಏನಪ್ಪಾ, ಸಾಮಾನಿಗೆ ಕೊಡೋಣ, ಕೂಲಿಗೆ ಕೊಡೋಣ. ನೋಡಿದ್ದಕ್ಕೂ ದುಡ್ಡು ಅಂದ್ರೆ? ಮುಂಚೆ ಬಂದ ಇಬ್ರೂ ಒಂದು ಪೈಸೆ ಕೇಳ್ಲಿಲ್ಲ.’

‘ಯಜಮಾನ್ರೇ, ಬರೋ ಮುಂಚೇನೇ ಫೋನಲ್ಲಿ ಹೇಳಿದ್ದೆ.’

‘ನನಗ್ಯಾರೂ ಹೇಳಿಲ್ಲ.’

ನಿಜ, ಅವರಿಗೆ ಹೇಳಿರಲಿಲ್ಲ. ಫೋನ್ ಮಾಡಿದ್ದು ಬೆಂಗಳೂರಿನಲ್ಲಿರುವ ಮಗ, ಒಪ್ಪಿದ್ದೂ ಅವನೇ. ಹಣ ಕೊಡಬೇಕಾದವರು ತಂದೆ. ಮೆಕ್ಯಾನಿಕ್ ಕಡೆಯ ತಪ್ಪು ಇಷ್ಟೇ, ಆದರೆ ಸಣ್ಣದಲ್ಲ. ಪ್ಯಾನೆಲ್ ಬಾಗಿಲು ತೆಗೆಯುವ ಮೊದಲು, ಎದುರಿಗೆ ನಿಂತವರಿಗೆ, ‘ಚೆಕ್ ಮಾಡಲು 900, ಒಪ್ಪಿಗೆ ತಾನೇ’ ಎಂದು ಇನ್ನೊಮ್ಮೆ ಕೇಳಬೇಕಿತ್ತು. ಬೇಡ ಎಂದಿದ್ದರೆ ಪೆಟ್ರೋಲ್ ಹಣ ಮಾತ್ರ ನಷ್ಟವಾಗುತ್ತಿತ್ತು.

ಯಜಮಾನರ ಮಾತಿನಲ್ಲಿ ಇನ್ನೊಂದು ನೋವೂ ಇತ್ತು. ತಪ್ಪು ಸಣ್ಣದೆಂದು ತಿಳಿದ ಮೇಲೆ ಕೊಟ್ಟ ಹಣ ದೊಡ್ಡದಾಗಿ ಕಾಣುತ್ತದೆ. 20,000ದ ಕೆಲಸವಾಗಿದ್ದರೆ ಇದೇ 900 ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇಲ್ಲಿಯ ತೊಡಕು ಇದೇ: ಪರೀಕ್ಷೆ ಎಷ್ಟು ಚೆನ್ನಾಗಿ ನಡೆದರೆ ರಿಪೇರಿ ಅಷ್ಟು ಚಿಕ್ಕದಾಗುತ್ತದೆ, ರಿಪೇರಿ ಚಿಕ್ಕದಾದಷ್ಟೂ ಪರೀಕ್ಷೆಯ ಹಣ ದಂಡವೆನಿಸುತ್ತದೆ.

900ರ ಲೆಕ್ಕ

ಈ ಅಂಕಿಯನ್ನು ಯಾರೂ ಗಾಳಿಯಲ್ಲಿ ಹಿಡಿದದ್ದಲ್ಲ. ಮನೆ ಖರ್ಚಿಗೆ ತಿಂಗಳಿಗೆ 30,000 ಎಂದುಕೊಳ್ಳಿ. ಬೈಕು, ಪೆಟ್ರೋಲು, ಫೋನು, ಅಂಗಡಿ ಬಾಡಿಗೆಯ ಪಾಲು, ಮೆಗ್ಗರ್ ಮತ್ತು ಕ್ಲಾಂಪ್ ಮೀಟರಿನ ಸವಕಳಿ ಸೇರಿ 9,000. ಒಟ್ಟು 39,000. ತಿಂಗಳಿಗೆ 25 ದಿನ ದುಡಿದರೂ ದಿನಕ್ಕೆ ಬಿಲ್ ಮಾಡಬಹುದಾದದ್ದು ಐದು ಗಂಟೆ. ಉಳಿದದ್ದು ಸಾಮಾನು ತರಲು, ಕರೆಂಟಿಗೆ ಕಾಯಲು, ಬಾಕಿ ವಸೂಲಿಗೆ ಹೋಗುತ್ತದೆ. 125 ಗಂಟೆಗೆ ಹಂಚಿದರೆ ಗಂಟೆಗೆ 312. ಹೋಗಿ ಬರಲು ಒಂದು ಗಂಟೆ, ಪರೀಕ್ಷೆ ಎರಡು ಗಂಟೆ: 936. ಅದನ್ನೇ 900 ಎಂದು ಹೇಳಿದ್ದು. ಮಳೆಗಾಲದಲ್ಲಿ ಮೋಟಾರ್ ಕೆಲಸವೇ ಇಲ್ಲದ ತಿಂಗಳುಗಳನ್ನು ಇದರಲ್ಲಿ ಸೇರಿಸಿಲ್ಲ.

ಹಾಗಾದರೆ ಪುಕ್ಕಟೆ ನೋಡಿ ಹೋದ ಇಬ್ಬರಿಗೆ ಈ ಖರ್ಚು ಇಲ್ಲವೇ? ಇದೆ. ಅವರು ನಾಲ್ಕು ತೋಟ ನೋಡಿ ಒಂದರಲ್ಲಿ ಮೋಟಾರ್ ಎತ್ತಿದರೆ, ಉಳಿದ ಮೂರು ಓಡಾಟದ ಖರ್ಚು, ಇದೇ ಲೆಕ್ಕದಲ್ಲಿ ಸುಮಾರು 2,800, ಆ ಒಂದು ತೋಟದವರ ಬಿಲ್ಲಿಗೆ ಸೇರಲೇಬೇಕು. ಎತ್ತಿಸಿದವರು ಎತ್ತಿಸದವರ ಖರ್ಚನ್ನೂ ಹೊರುತ್ತಾರೆ. ಅಥವಾ ನೋಡುವ ಹೊತ್ತನ್ನೇ ಮೊಟಕು ಮಾಡಬೇಕು: ಎರಡು ಗಂಟೆಯ ಬದಲು ಹತ್ತು ನಿಮಿಷ. ಇಲ್ಲಿ ಆದದ್ದು ಅದೇ. ಅವರನ್ನು ಮೋಸಗಾರರು ಎನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಪದೇಪದೇ ಟ್ರಿಪ್ ಆಗುವ ಮೋಟಾರುಗಳಲ್ಲಿ ಎಷ್ಟೋ ನಿಜಕ್ಕೂ ಕಾಯಿಲ್ ಹೋದವೇ ಆಗಿರುತ್ತವೆ, ಹತ್ತು ನಿಮಿಷದ ಊಹೆ ಎಷ್ಟೋ ಸಲ ಸರಿಯಾಗುತ್ತದೆ. ಆದರೆ ನೋಡುವುದಕ್ಕೆ ಕೂಲಿ ಇಲ್ಲದಿದ್ದರೆ ಎತ್ತುವುದರಲ್ಲಿ ಮಾತ್ರ ಕೂಲಿ. ‘ಎತ್ತುವುದು ಬೇಡ’ ಎನ್ನುವ ಮೆಕ್ಯಾನಿಕ್ ಆ ದಿನ ಬರಿಗೈಲಿ ಮನೆಗೆ ಹೋಗಬೇಕು. ಆ 900 ಅವನಿಗೆ ಹಾಗೆ ಹೇಳುವ ಸ್ವಾತಂತ್ರ್ಯ ಕೊಡುತ್ತದೆ.

ಈ ಕಾರಣಕ್ಕೇ, ‘ಕೆಲಸ ಕೊಟ್ಟರೆ ನೋಡಿದ ಹಣ ವಜಾ’ ಎಂಬ ಪದ್ಧತಿ ನಮಗೆ ಅಷ್ಟು ಹಿಡಿಸುವುದಿಲ್ಲ. ಕೇಳಲು ಚೆನ್ನಾಗಿದೆ, ಗಿರಾಕಿಗೂ ಖುಷಿ. ಆದರೆ ವಜಾ ಮಾಡಿದ ಹಣ ದೊಡ್ಡ ಕೆಲಸದಲ್ಲಿ ಎಲ್ಲೋ ಮತ್ತೆ ಸೇರಿಕೊಳ್ಳುತ್ತದೆ, ದೊಡ್ಡ ಕೆಲಸದ ಕಡೆಗೇ ತಕ್ಕಡಿ ಮತ್ತೆ ವಾಲುತ್ತದೆ. ಪರೀಕ್ಷೆಯ ಹಣ ಪರೀಕ್ಷೆಗೆ, ಕೆಲಸದ ಹಣ ಕೆಲಸಕ್ಕೆ.

ಎಲ್ಲ ಎಸ್ಟಿಮೇಟಿಗೂ ಹಣ ಕೇಳುವುದು ನ್ಯಾಯವೇ? ಅಲ್ಲ. ಹೊಸ ಮೋಟಾರಿನ ದರ, ಅಡಿಗೆ ಇಷ್ಟು ಎಂದು ಬೋರ್ ಕೊರೆಯುವ ದರ, ಚದರಡಿಗೆ ಇಷ್ಟು ಎಂದು ಸುಣ್ಣಬಣ್ಣದ ದರ ಹೇಳಲು ಯಾರೂ ಹಣ ಕೇಳಬಾರದು. ಅದು ಬೆಲೆ ಹೇಳುವುದು, ವ್ಯಾಪಾರದ ಭಾಗ. ತಪ್ಪು ಎಲ್ಲಿದೆ ಎಂದು ಹುಡುಕುವುದು ಬೇರೆ, ಅದೇ ಒಂದು ಕೆಲಸ. ಬರಿಗೈಯಲ್ಲಿ ಬಂದು, ಮೋಟಾರಿನ ಸದ್ದು ಕೇಳಿ, ಬಾಯಲ್ಲಿ ಒಂದು ಮೊತ್ತ ಹೇಳಿ 500 ಕೇಳಿದರೆ ಕೊಡಬೇಕಾಗಿಲ್ಲ. ಹಣ ಕೊಟ್ಟವರ ಕೈಗೆ ಅಳತೆಗಳು ಬರಹದಲ್ಲಿ ಸಿಗಬೇಕು: ವೋಲ್ಟೇಜ್, ಆಂಪ್ಸ್, ಮೆಗ್ಗರ್, ಓಮ್, ತಾರೀಕು. ಆ ಚೀಟಿ ಹಿಡಿದು ಅವರು ಬೇರೆ ಯಾರ ಹತ್ತಿರ ಬೇಕಾದರೂ ಕೆಲಸ ಮಾಡಿಸಬಹುದು. ಅದೇ ತಪ್ಪು ವಾರದೊಳಗೆ ಮರುಕಳಿಸಿದರೆ ಮತ್ತೆ ನೋಡಲು ಹಣ ಕೇಳಬಾರದು. ಒಂದೇ ಊರಿನಲ್ಲಿ ಮೂರು ತೋಟ ನೋಡಿದರೆ ಓಡಾಟದ ಗಂಟೆಯನ್ನು ಮೂವರಿಗೂ ಹಂಚಬೇಕು.

ಎತ್ತಲೇಬೇಕಾದ ಮೋಟಾರಿಗೂ ಇದೇ ಶಿಸ್ತು ಬೇಕು. ಬೋರಿನೊಳಗಿರುವಾಗ ಪೂರ್ತಿ ಎಸ್ಟಿಮೇಟ್ ಯಾರಿಂದಲೂ ಆಗದು. ಪೈಪಿಗೆ ತೂತು ಬಿದ್ದಿದೆಯೇ, ಪಂಪಿನೊಳಗೆ ನೀರೆತ್ತುವ ಚಕ್ರ, ಇಂಪೆಲ್ಲರ್, ಸವೆದಿದೆಯೇ, ಮೇಲೆ ಬಂದ ಮೇಲೆಯೇ ಗೊತ್ತಾಗುವುದು. ಆದ್ದರಿಂದ ಎರಡು ಹಂತದಲ್ಲಿ ಬರೆಯಿಸಿಕೊಳ್ಳಿ: ಎತ್ತಿ ಇಳಿಸುವ ಖರ್ಚು ಒಂದು, ಬಿಚ್ಚಿ ನೋಡಿದ ಮೇಲಿನ ಖರ್ಚು ಇನ್ನೊಂದು. ಬಿಚ್ಚಿದ ಮೇಲೆ ಬೇಡ ಎಂದರೆ ಮತ್ತೆ ಜೋಡಿಸುವ ಕೂಲಿ ಎಷ್ಟು ಎಂಬುದು ಮೊದಲೇ ಇತ್ಯರ್ಥವಾಗಲಿ. ಕಾಯಿಲಿನಿಂದ ತೆಗೆದ ಹಳೆಯ ತಾಮ್ರ ಯಾರಿಗೆ ಎಂಬುದೂ. ರಿವೈಂಡಿಂಗ್ ದರ ಒಬ್ಬರದು ವಿಪರೀತ ಕಡಿಮೆ ಎನಿಸಿದರೆ, ಆ ತಾಮ್ರ ಅಂಗಡಿಯಲ್ಲೇ ಉಳಿಯುತ್ತಿರಬಹುದು.

ಜಗುಲಿಯ ಮಾತು ಮುಗಿದದ್ದು ಮಗನಿಗೆ ಫೋನ್ ಹಚ್ಚಿದ ಮೇಲೆ. ಯಜಮಾನರು ಅಂದು 1,500 ಕೊಟ್ಟರು, ಉಳಿದ 500 ಒಂದು ವಾರದ ಮೇಲೆ ತಲುಪಿತು. ಅಳತೆ ಬರೆದ ಚೀಟಿಯನ್ನು ಮೆಕ್ಯಾನಿಕ್ ಪ್ಲಾಸ್ಟಿಕ್ ಕವರಿಗೆ ಹಾಕಿ ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿ ಹೋದರು. ಮೂರು ಫೇಸಿನ ಆಂಪ್ಸ್, ಮೆಗ್ಗರ್ 4, ನೀರು ಕೆಮ್ಮಿದ ನಿಮಿಷ 35. ಏಪ್ರಿಲ್‌ನಲ್ಲಿ ಮತ್ತೆ ಒಮ್ಮೆ ಅಳೆಯಬೇಕೆಂದು ಕೆಳಗೆ ಬರೆದಿದೆ: ಆ 35 ನಿಮಿಷ 20ಕ್ಕೆ ಇಳಿದಿದ್ದರೆ ಟೈಮರ್ ಬದಲಿಸಬೇಕು, ಅಥವಾ ಮೂರು ಪೈಪು ಸೇರಿಸಿ ಮೋಟಾರನ್ನು 680 ಅಡಿಗೆ ಇಳಿಸಬೇಕು. ಆಗ ಕ್ರೇನ್ ನಿಜವಾಗಿಯೂ ಬೇಕಾಗುತ್ತದೆ.